ಮೀನುಕೊಳಕ್ಕೆ ಬಿದ್ದವಳು ಯಾರು

ಮೋಲೋ, ಇಲೋಯಿಲೋ
೧೬ ಜೂನ್ ೧೯೩೬

ಇಂದಾಯ್, ನನ್ನ ತಂಗಿ ಪ್ಲಾಸಿಡಾ,

ಭಾನುವಾರ ಪೂಜೆ ಮುಗಿಸಿ ಹೊರಗೆ ಬರುವಾಗ ತಿಯಾ ಬಾಸಿಯಾ ನನ್ನ ತೋಳು ಹಿಡಿದು ನಿಲ್ಲಿಸಿ, ಮನಿಲಾದ ಪತ್ರಿಕೆಯ ಒಂದು ಹಾಳೆ ಬಿಡಿಸಿದಳು. ಅದರಲ್ಲಿ ನೀನಿದ್ದೆ. ಚರ್ಮದ ಟೋಪಿ, ಗಂಡಸರ ಪ್ಯಾಂಟು, ಒಂದು ಕೈ ವಿಮಾನದ ರೆಕ್ಕೆಯ ಮೇಲೆ. ಹೆಂಗಸರಿಗೂ ಆಕಾಶ ಬೇಕು ಎಂದು ಸಭೆಯಲ್ಲಿ ವಾದಿಸಿದ ಕುಮಾರಿ ಎಂದು ಕೆಳಗೆ ಅಚ್ಚಾಗಿತ್ತು.

ನೀನು ವಿಮಾನ ಕ್ಲಬ್ಬಿನ ಆಫೀಸಿನಲ್ಲಿ ಟೈಪ್ ಮಾಡುತ್ತೀಯೆಂದು ಮೂರು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ತಿಯಾ ಅಷ್ಟಕ್ಕೇ ಬಿಡಲಿಲ್ಲ. "ಹೆಂಗಸು ಕೂತ್ರೆ ವಿಮಾನ ಒಂದ್ ಕಡೆ ವಾಲುತ್ತಂತೆ. ನಿನ್ ತಂಗಿ ಒಣಕಲು, ಅದಕ್ಕೇ ಬದುಕಿದಾಳೆ" ಎಂದಳು. ನಮ್ಮ ಚರ್ಚಿನ ತುಂಬ ಹೆಂಗಸು ಸಂತರೇ ನಿಂತಿದ್ದಾರೆ, ಕಟ್ಟಡ ಎಲ್ಲೂ ವಾಲಿಲ್ಲ ಎಂದು ನಾನು ಹೇಳಿಬಂದೆ.

ಅಪ್ಪ ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಇದರಲ್ಲಿ ಗೊತ್ತಾಗುವುದಿಲ್ಲವಲ್ಲ ಎಂದರು, ಅಷ್ಟೆ. ಮೂವತ್ತು ವರ್ಷ ಹಾಯಿದೋಣಿ ನಡೆಸಿದವರು. ಅವರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ನನಗೆ ತಿಳಿಯಲಿಲ್ಲ.

ಒಂದೇ ಮಾತಿಗೆ ನೇರ ಉತ್ತರ ಕೊಡು. ನೀನು ಅದನ್ನು ನಡೆಸುತ್ತೀಯೋ, ಬರೀ ಹತ್ತಿ ಕೂರುತ್ತೀಯೋ?

ದೋನ್ ಹಸಿಂತೋ ಅವರ ಔಷಧದಂಗಡಿ ಚೆನ್ನಾಗಿ ನಡೆಯುತ್ತಿದೆ. ನಮ್ಮ ಮದುವೆ ಡಿಸೆಂಬರಿನಲ್ಲಿ ಎಂದು ಮಾತಾಗಿದೆ. ಅಷ್ಟರೊಳಗೆ ಇನ್ನೊಂದು ಚಿತ್ರ ಬರದ ಹಾಗೆ ನೋಡಿಕೋ.

ನಿನ್ನ ಅಕ್ಕ, ನಿನ್ನ ಮನಾಂಗ್,
ಗ್ಲಿಸೆರಿಯಾ


ಮನಿಲಾ
೩೦ ಜೂನ್ ೧೯೩೬

ಪ್ರೀತಿಯ ಮನಾಂಗ್,

ನಡೆಸುತ್ತೇನೆ. ಒಬ್ಬಳೇ. ಇಲ್ಲಿಯವರೆಗೆ ತೊಂಬತ್ತಾರು ಗಂಟೆ.

ಟೈಪ್ ಮಾಡುತ್ತಿದ್ದದ್ದು ಸುಳ್ಳಲ್ಲ. ಗಂಡಸರ ಲೈಸೆನ್ಸಿನ ಅರ್ಜಿ ಇಪ್ಪತ್ತು ಟೈಪ್ ಮಾಡಿದೆ. ಇಪ್ಪತ್ತೊಂದನೆಯದರಲ್ಲಿ ನನ್ನ ಹೆಸರು ಟೈಪ್ ಮಾಡಿದೆ. ಆದರೆ ಕೊಟ್ಟದ್ದು ಹವ್ಯಾಸದ ಲೈಸೆನ್ಸು ಮಾತ್ರ. ಸಂಬಳಕ್ಕೆ ಟಪಾಲು ಒಯ್ಯುವುದು, ಜನರನ್ನು ಕರೆದೊಯ್ಯುವುದು ಗಂಡಸರ ಕೆಲಸವಂತೆ. ಯಾಕೆಂದು ಲೈಸೆನ್ಸು ಕೊಡುವ ಸಮಿತಿಯನ್ನು ಕೇಳಿದೆ. ಅಲ್ಲಿ ಕೂತಿದ್ದ ಹಿರಿಯ ಅಧಿಕಾರಿ ಬಹಳ ವಿನಯದಿಂದ ಹೇಳಿದರು: "ಹೆಂಗಸರ ದೇಹ ನಂಬೋ ಹಾಗಿಲ್ಲ, ಕುಮಾರಿ. ಇವತ್ತಿದ್ದ ಹಾಗೆ ನಾಳೆ ಇರಲ್ಲ."

ಅದಕ್ಕೇ ಅರ್ಜಿ ಬರೆದಿದ್ದೇವೆ. ಹೆಂಗಸಿನ ಕಣ್ಣು, ಕಿವಿ, ಎದೆ, ಕೈ ಗಂಡಸಿನಷ್ಟೇ ಗಟ್ಟಿ ಎಂದು. ಇನ್ನೂರ ಹನ್ನೊಂದು ಸಹಿ, ಮೊದಲನೆಯದು ನನ್ನದು. ಮಹಿಳಾ ಸಂಘದ ಅಧ್ಯಕ್ಷೆ ದೋನ್ಯಾ ಲೆಯೋನ್ಸಿಯಾ ನಮ್ಮ ಬೆನ್ನಿಗಿದ್ದಾರೆ. ನನಗೊಬ್ಬಳು ಶಿಷ್ಯೆಯೂ ಇದ್ದಾಳೆ. ಇಲುಮಿನಾದಾ, ಪಂಪಾಂಗಾದವಳು, ಇಪ್ಪತ್ತು ವರ್ಷ, ಔಷಧಶಾಸ್ತ್ರದ ಓದು ಬಿಟ್ಟು ಬಂದಿದ್ದಾಳೆ. ಮೇಲೆ ಎಂಜಿನ್ ನಿಂತರೆ ಏನು ಮಾಡುತ್ತೀ ಎಂದು ಮೊದಲ ದಿನ ಕೇಳಿದ್ದಕ್ಕೆ, ಪ್ರಾರ್ಥನೆ ಎಂದಳು. ಮೊದಲು ಮೂಗು ತಗ್ಗಿಸು, ಆಮೇಲೆ ಪ್ರಾರ್ಥನೆ ಎಂದೆ. ಮೂಗು ಮೇಲೆತ್ತಿ ಹಿಡಿದರೆ ವಿಮಾನದ ವೇಗ ಸತ್ತು ಕಲ್ಲಿನ ಹಾಗೆ ಬೀಳುತ್ತದೆ. ತಗ್ಗಿಸಿದರೆ ಗಾಳಿಯ ಮೇಲೆ ಜಾರಿಕೊಂಡು ಹೋಗಿ ಎಲ್ಲಾದರೂ ಇಳಿಯಬಹುದು. ಹಿಂದಕ್ಕೆ ತಿರುಗಬಾರದು. ಮುಂದೆ ಸಿಕ್ಕ ಬಯಲೇ ನಿನ್ನ ಬಯಲು. ನಿನಗೆ ಇದೆಲ್ಲ ಯಾಕೆ ಬರೆಯುತ್ತಿದ್ದೇನೋ. ಯಾರಿಗಾದರೂ ನಮ್ಮ ಮಾತಿನಲ್ಲಿ ಹೇಳಬೇಕೆನ್ನಿಸಿತು.

ಆಗಸ್ಟಿನಲ್ಲಿ ವೈದ್ಯರ ಪರೀಕ್ಷೆ ಇದೆ. ಅದು ಬರೀ ಶಾಸ್ತ್ರ.

ಡಿಸೆಂಬರಿಗೆ ಖಂಡಿತ ಬರುತ್ತೇನೆ, ಲಂಗ ಉಟ್ಟುಕೊಂಡು.

ಪ್ಲಾಸಿಡಾ


ಮೋಲೋ
೧೯ ಆಗಸ್ಟ್ ೧೯೩೬

ಪ್ಲಾಸಿಡಾ,

ಪತ್ರ ತಲುಪಿತು. ಅಪ್ಪನ ಮಂಡಿನೋವು ಹಾಗೇ ಇದೆ. ಅನಾನಸ್ ನಾರಿನ ಬಟ್ಟೆಗೆ ಕಸೂತಿ ಹಾಕುವ ಕೆಲಸ ಬೇಕಾದಷ್ಟಿದೆ. ಡಿಸೆಂಬರಿನಲ್ಲಿ ಬರುವ ತೊಂದರೆ ತೆಗೆದುಕೊಳ್ಳಬೇಡ. ಸಮುದ್ರ ಆಗ ಒರಟಾಗಿರುತ್ತದೆ.

ಗ್ಲಿಸೆರಿಯಾ


ಮನಿಲಾ
೧೪ ನವೆಂಬರ್ ೧೯೩೬

ಮನಾಂಗ್,

ಮೂರು ತಿಂಗಳು ಬರೆಯಲಿಲ್ಲ. ನಿನ್ನ ಕೊನೆಯ ಪತ್ರ ಆರು ಸಾಲಿತ್ತು. ಆರು ಸಾಲಿಗೆ ಏನೆಂದು ಉತ್ತರ ಬರೆಯಲಿ ಎಂದು ಕೂತೆ. ಪ್ಯಾಂಟು ಹಾಕುವ ತಂಗಿ ಮದುವೆಗೆ ಬರುವುದು ನಿನಗೆ ಬೇಡವೆಂದು ಅರ್ಥ ಮಾಡಿಕೊಂಡೆ. ಇರಲಿ.

ಅಕ್ಷರ ದೊಡ್ಡದಾಗಿ, ಸಾಲು ಸೊಟ್ಟಗೆ ಇದ್ದರೆ ಬೇಸರ ಮಾಡಿಕೊಳ್ಳಬೇಡ. ಮಲಗಿಕೊಂಡು ಬರೆಯುತ್ತಿದ್ದೇನೆ. ಡಾಕ್ಟರು ಮೂರು ತಿಂಗಳು ಭಾರ ಎತ್ತಬಾರದು, ಬಗ್ಗಬಾರದು ಎಂದಿದ್ದಾರೆ. ಹಾರುವುದನ್ನು ನಿಲ್ಲಿಸಿದ್ದೇನೆ. ಎಂಜಿನ್ ರಿಪೇರಿಯಲ್ಲಿದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಇದು ಹೊರಗೆ ಗೊತ್ತಾದರೆ ನಾನು ಇಷ್ಟು ದಿನ ಮಾಡಿದ್ದೆಲ್ಲ ನೀರಿಗೆ ಬೀಳುತ್ತದೆ. ಹೆಂಗಸರ ದೇಹದ ಬಗ್ಗೆ ಅವರು ಹೇಳಿದ್ದೇ ಸರಿ ಎಂದಾಗುತ್ತದೆ.

ಅಪ್ಪನಿಗೆ ಹೇಳಬೇಡ. ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ.

ಪ್ಲಾಸಿಡಾ


ಮೋಲೋ
೨೨ ನವೆಂಬರ್ ೧೯೩೬

ನನ್ನ ಇಂದಾಯ್,

ಎರಡು ಸಲ ಓದಿದೆ. ಮೂರನೆಯ ಸಲ ಒಲೆಯ ಮುಂದೆ ಕೂತು ಓದಿದೆ. ಆಮೇಲೆ ಪತ್ರವನ್ನು ಸುಟ್ಟುಹಾಕಿದೆ, ತಿಯಾ ಬಾಸಿಯಾಗೆ ಎಲ್ಲೆಲ್ಲೂ ಕಣ್ಣು.

ಬೈಯುವುದಿಲ್ಲ. ಅವನು ಯಾರು ಎಂದಷ್ಟೇ ಹೇಳು. ನಿನಗೆ ಹಾರುವುದನ್ನು ಕಲಿಸಿದವನು ಯಾವನೋ ಅಮೆರಿಕದವನಿರಬೇಕು, ಅವನೇ? ಅವನಿಗೆ ಅಲ್ಲಿ ಹೆಂಡತಿ ಇದ್ದಾಳೆಯೇ? ಮದುವೆಯಾಗುತ್ತೇನೆಂದರೆ ಆಗಲಿ, ಇಲ್ಲದಿದ್ದರೆ ಅವನ ಮುಖ ನೋಡುವುದೂ ಬೇಡ. ನಿನಗೆ ಎಷ್ಟು ತಿಂಗಳು? ಬಗ್ಗಬೇಡ, ಹುಳಿ ಮಾವು ತಿನ್ನಬೇಡ.

ಹಡಗು ಹತ್ತಿ ಬಾ. ಆಂತೀಕೆಯ ಕಡೆ ನನ್ನ ಗೆಳತಿಯೊಬ್ಬಳಿದ್ದಾಳೆ, ಅಲ್ಲಿರಬಹುದು. ಮಗುವಾದ ಮೇಲೆ ನಾನು ತಂದುಕೊಳ್ಳುತ್ತೇನೆ. ಅನಾಥ ಕೂಸು ಎನ್ನುತ್ತೇನೆ. ಕೇಳುವವರು ಕೇಳಲಿ. ನನ್ನನ್ನು ಈಗ ತಡೆಯುವವರು ಯಾರೂ ಇಲ್ಲ.

ಉತ್ತರವನ್ನು ಕಸೂತಿ ನೂಲಿನ ಪೊಟ್ಟಣದೊಳಗೆ ಇಟ್ಟು ಕಳಿಸು.

ಮನಾಂಗ್


ಮನಿಲಾ
೪ ಡಿಸೆಂಬರ್ ೧೯೩೬

ಮನಾಂಗ್,

ಇಲುಮಿನಾದಾ ನಿನ್ನ ಪತ್ರವನ್ನು ಗಟ್ಟಿಯಾಗಿ ಓದುತ್ತಿದ್ದವಳು ಹುಳಿ ಮಾವಿನ ಹತ್ತಿರ ನಿಲ್ಲಿಸಿಬಿಟ್ಟಳು. ಇಬ್ಬರೂ ನಕ್ಕೆವು. ಆಮೇಲೆ ನಾನು ಅತ್ತೆ. ನಿಲ್ಲಿಸಲಾಗಲಿಲ್ಲ. ಅವಳು ದಿಕ್ಕು ತೋಚದೆ ಚಾಕೊಲೇಟು ಕಾಯಿಸಿ ತಂದಳು.

ಮಗುವಿಲ್ಲ. ಯಾವ ಗಂಡಸೂ ಇಲ್ಲ. ಹೋಗಿರುವುದು ನನ್ನ ಬಲಗಣ್ಣು.

ಜುಲೈಯಲ್ಲಿ ಒಂದು ದಿನ ಇಳಿಯುವಾಗ ಚಕ್ರ ಗುಂಡಿಗೆ ಸಿಕ್ಕಿ ಹಣೆ ಬಡಿಯಿತು. ವಾರ ಕಳೆದ ಮೇಲೆ ಬಲಗಣ್ಣಿನ ಮೂಲೆಯಿಂದ ಕಪ್ಪು ಪರದೆಯಂಥದು ಇಳಿಯತೊಡಗಿತು. ಒಳಗಿನ ಪೊರೆ ಹರಿದಿದೆಯೆಂದು ಡಾಕ್ಟರು ಆಮೇಲೆ ಹೇಳಿದರು. ಆಗಸ್ಟಿನ ಪರೀಕ್ಷೆಗೆ ಹೋಗುವಾಗಲೇ ಆ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ. ಇಲುಮಿನಾದಾ ಹಿಂದಿನ ದಿನ ಯಾವುದೋ ನೆಪದಲ್ಲಿ ಆ ಕೋಣೆಗೆ ಹೋಗಿ ಗೋಡೆಯ ಮೇಲಿನ ಅಕ್ಷರಗಳನ್ನು ಬರೆದುಕೊಂಡು ಬಂದಳು. ನಾನು ಬಾಯಿಪಾಠ ಮಾಡಿದೆ. ಪರೀಕ್ಷೆ ಮಾಡಿದವರು ಭೇಷ್ ಎಂದರು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಸೆಪ್ಟೆಂಬರಿನಲ್ಲಿ ದೋನ್ಯಾ ಲೆಯೋನ್ಸಿಯಾರ ಸೊಸೆಯನ್ನು ಕೂರಿಸಿಕೊಂಡು ಹಾರಿದೆ. ಇಳಿಯುವಾಗ ನೆಲ ಎಷ್ಟು ಹತ್ತಿರವಿದೆಯೆಂದು ತಿಳಿಯಲಿಲ್ಲ. ಆಳೆತ್ತರದಿಂದ ದೊಪ್ಪನೆ ಬಿದ್ದು ಎರಡು ಸಲ ಪುಟಿದೆವು. ಆಕೆ ಚಪ್ಪಾಳೆ ತಟ್ಟಿ ಇನ್ನೊಂದ್ಸಲ ಎಂದಳು. ಆಕೆ ಏಳು ತಿಂಗಳ ಮಗುವಿನ ತಾಯಿ, ಮನಾಂಗ್.

ಹೆಂಗಸಿನ ಕಣ್ಣು ಗಟ್ಟಿ ಎಂದು ಅರ್ಜಿ ಬರೆದವಳು ನಾನು. ಬಾಯಿಬಿಟ್ಟರೆ ಇನ್ನೂರ ಹತ್ತು ಜನರನ್ನು ಮುಳುಗಿಸಿದ ಹಾಗೆ. ಸುಮ್ಮನಿದ್ದರೆ ಏಪ್ರಿಲಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಕರಪತ್ರ ಚೆಲ್ಲುತ್ತ ಇಲೋಯಿಲೋವರೆಗೆ ಹಾರಬೇಕು. ಅದನ್ನು ಆಗಲೇ ಪತ್ರಿಕೆಗೆ ಕೊಟ್ಟಿದ್ದಾರೆ. ಸುಮ್ಮನಿರುವುದು ಅವರಿಗಾಗಿಯೋ ನನಗಾಗಿಯೋ ಎಂದು ಹಾಸಿಗೆಯಲ್ಲಿ ಬಿದ್ದುಕೊಂಡು ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಒಂದು ಉತ್ತರ, ಸಂಜೆ ಇನ್ನೊಂದು.

ನಿನ್ನನ್ನು ತಡೆಯುವವರು ಯಾರೂ ಇಲ್ಲ ಎಂದು ಬರೆದೆಯಲ್ಲ. ಹಾಗೆಂದರೇನು? ದೋನ್ ಹಸಿಂತೋ ಎಲ್ಲಿ?

ಪ್ಲಾಸಿಡಾ


ಮೋಲೋ
೧೧ ಜನವರಿ ೧೯೩೭

ಇಂದಾಯ್,

ದೋನ್ ಹಸಿಂತೋ ಹಾರೋ ಊರಿನ ತಮ್ಮ ಅಂಗಡಿಯಲ್ಲೇ ಇದ್ದಾರೆ. ನಿನ್ನ ಚಿತ್ರ ಬಂದ ತಿಂಗಳೇ ಅವರ ತಾಯಿ ನಮ್ಮ ಮನೆಗೆ ಬಂದು, ಒಬ್ಬಳು ಪ್ಯಾಂಟು ತೊಟ್ಟ ಮನೆಯಿಂದ ಇನ್ನೊಬ್ಬಳನ್ನು ತಂದುಕೊಳ್ಳುವ ಧೈರ್ಯ ತಮಗಿಲ್ಲ ಎಂದರು. ಮಗ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ತಿಂದು ಮುಗಿಸಿದರು ಕೂಡ. ಅದಕ್ಕೇ ಆ ಪತ್ರ ಆರು ಸಾಲಿತ್ತು. ಏಳನೆಯ ಸಾಲು ಬರೆದಿದ್ದರೆ ನಿನ್ನನ್ನು ಶಪಿಸುತ್ತಿದ್ದೆ. ಆಗ ನಿನ್ನ ಮೇಲೆ ಬಹಳ ಸಿಟ್ಟಿತ್ತು. ಈಗ ಎಷ್ಟಿದೆಯೋ, ಅಳೆದು ನೋಡಿಲ್ಲ. ನೀನು ಹೊಟ್ಟೆಯಲ್ಲಿ ಮಗು ಇಟ್ಟುಕೊಂಡಿದ್ದೀಯೆಂದು ತಿಳಿದಿದ್ದ ಇಪ್ಪತ್ತು ದಿನ ಸಿಟ್ಟೇ ಇರಲಿಲ್ಲ. ಪುಟ್ಟ ಅಂಗಿ ಎರಡು ಹೊಲಿದಿದ್ದೆ. ಅದನ್ನೇನು ಮಾಡಲಿ?

ನಿನ್ನ ಪ್ರಶ್ನೆಯನ್ನು ಅಪ್ಪನ ಹತ್ತಿರ ಸುತ್ತಿಬಳಸಿ ಕೇಳಿದೆ. ಕಣ್ಣು ಮಂಜಾದ ನಾವಿಕ ಅದನ್ನು ಮುಚ್ಚಿಟ್ಟು ದೋಣಿ ನಡೆಸಿದರೆ ತಪ್ಪೇ ಎಂದೆ. ಅವರು ಬಲೆ ಹೊಲಿಯುವುದನ್ನು ನಿಲ್ಲಿಸಿ, "ದೋಣಿಯಲ್ಲಿ ಏನಿದೆ? ಸಕ್ಕರೆನೋ, ಜನಾನೋ?" ಎಂದರು. ಎರಡೂ ಇದ್ದರೆ ಎಂದೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಮಧ್ಯಾಹ್ನದ ನಿದ್ದೆಗೆ ಎದ್ದು ಹೋದರು. ಅಂದಿನಿಂದ ಪ್ರತಿ ಊಟಕ್ಕೂ ಮನಿಲಾದಿಂದ ಕಾಗದ ಬಂತೇ ಎಂದು ಕೇಳುತ್ತಾರೆ. ಅವರಿಗೆ ಗೊತ್ತಾಯಿತೋ ಇಲ್ಲವೋ ದೇವರೇ ಬಲ್ಲ.

ಮನಾಂಗ್


ಮನಿಲಾ
೧೫ ಮಾರ್ಚ್ ೧೯೩೭

ಮನಾಂಗ್,

ಹೇಳಿಬಿಟ್ಟೆ. ಕಳೆದ ತಿಂಗಳು ಸಮಿತಿಯ ಮುಂದೆ ನಿಂತು, ಬಲಗಣ್ಣು ಕಾಣುವುದಿಲ್ಲ, ಆಗಸ್ಟಿನಲ್ಲಿ ಬಾಯಿಪಾಠ ಮಾಡಿ ಓದಿದೆ, ಲೈಸೆನ್ಸು ತೆಗೆದುಕೊಳ್ಳಿ ಎಂದೆ. ಇಲುಮಿನಾದಾಳ ಹೆಸರು ಎತ್ತಲಿಲ್ಲ. ಆ ವಿನಯದ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ನೀವಾಗಿ ಹೇಳ್ದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ" ಎಂದರು. ಅದು ಹೊಗಳಿಕೆಯೋ ಮರುಕವೋ ತಿಳಿಯಲಿಲ್ಲ. ನನಗೆ ಗೊತ್ತಿತ್ತು ಸರ್ ಎಂದೆ.

ಎರಡು ದಿನಕ್ಕೆ ಪತ್ರಿಕೆಗಳಲ್ಲಿ ಬಂತು. ಒಂಟಿಕಣ್ಣಿನ ವೀರವನಿತೆ ಎಂದು ಒಂದರಲ್ಲಿ ವ್ಯಂಗ್ಯಚಿತ್ರ. ಸಂಘದ ಮನೆಗೆ ಹೋದರೆ ಮಾತು ನಿಂತಿತು. ದೋನ್ಯಾ ಲೆಯೋನ್ಸಿಯಾ ಬಾಗಿಲವರೆಗೆ ನನ್ನ ಜೊತೆ ಬಂದು ತಗ್ಗಿದ ದನಿಯಲ್ಲಿ, "ಇನ್ನೆರಡು ತಿಂಗಳು ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ ನಿಂಗೆ?" ಎಂದರು. ನಿಮ್ಮ ಸೊಸೆ ಆ ದಿನ ಸಾಯಬಹುದಿತ್ತು ಎಂದು ಹೇಳಬೇಕೆಂದಿದ್ದೆ. ಬದಲಿಗೆ ಮೆಟ್ಟಿಲಿಳಿದು ಬಂದುಬಿಟ್ಟೆ.

ಇಲೋಯಿಲೋಗೆ ನನ್ನ ಬದಲು ಇಲುಮಿನಾದಾ ಹಾರುತ್ತಾಳೆ, ಅವಳಿಗೂ ಈಗ ಹವ್ಯಾಸದ ಲೈಸೆನ್ಸು ಸಿಕ್ಕಿದೆ. ಅವಳ ಕಣ್ಣನ್ನು ನಾಲ್ಕು ಸಲ ಪರೀಕ್ಷಿಸಿದರಂತೆ, ಮೂರು ಬೇರೆ ಬೇರೆ ಪಟಗಳಲ್ಲಿ. ನಾನು ಇಲ್ಲಿನ ವಿಮಾನದ ಬಯಲಿನ ಹತ್ತಿರ ಸುಳಿಯಬಾರದೆಂದು ಸಂಘದ ಅಪ್ಪಣೆ. ಅವಳೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ತನ್ನ ಹೆಸರು ಬಿಟ್ಟು ನಾನೊಬ್ಬಳೇ ಒಪ್ಪಿಕೊಂಡಿದ್ದಕ್ಕೆ ಅವಳಿಗೆ ಕೋಪ. ಒಬ್ಬಳೇ ದೊಡ್ಡವಳಾಗಲು ಹೋದೆ ಎಂದು ಬೇರೆಯವರ ಹತ್ತಿರ ಹೇಳುತ್ತಾಳಂತೆ.

ಏಪ್ರಿಲ್ ಇಪ್ಪತ್ನಾಲ್ಕರಂದು ಮಂಡುರ್ರಿಯಾವ್ ಬಯಲಿಗೆ ಹೋಗುತ್ತೀಯಾ? ಅವಳು ಇಳಿಯುವುದನ್ನು ನೋಡಿ ನನಗೆ ಬರಿ. ಅವಳು ಬರೆಯುವುದಿಲ್ಲ.

ಪ್ಲಾಸಿಡಾ


ಮನಿಲಾ
೨೬ ಏಪ್ರಿಲ್ ೧೯೩೭

ಮನಾಂಗ್,

ನಾನು ಮೀನುಕೊಳಕ್ಕೆ ಬಿದ್ದಿದ್ದೇನಂತೆ. ಬೆಳಗಿನ ಪತ್ರಿಕೆಯಲ್ಲಿದೆ. ಹಳೆಯ ಚಿತ್ರವನ್ನೇ ಹಾಕಿದ್ದಾರೆ. ಒಂಟಿಕಣ್ಣಿನ ಹಾರಾಟಗಾರ್ತಿ ನೆರೆದ ಜನರನ್ನು ಕಂಡು ಗಾಬರಿಗೊಂಡು, ಮೂಗು ಕೆಳಗೆ ಮಾಡಿ ಕೊಳಕ್ಕೆ ಧುಮುಕಿದಳು ಎಂದು. ಇನ್ನೊಂದು ಪತ್ರಿಕೆಯಲ್ಲಿ ನಾನು ಸತ್ತಿದ್ದೇನೆ. ಮನೆಯೊಡತಿ ನನ್ನನ್ನು ಮೆಟ್ಟಿಲಲ್ಲಿ ಕಂಡು ಶಿಲುಬೆ ಗುರುತು ಹಾಕಿಕೊಂಡಳು. ಸಂಘದಿಂದ ಇಬ್ಬರು ಬಿಳಿ ಹೂವು ಹಿಡಿದು ಬಂದು, ಬಾಗಿಲು ತೆಗೆದವಳು ನಾನೇ ಆದ್ದರಿಂದ ಏನು ಮಾಡಬೇಕೆಂದು ತಿಳಿಯದೆ ಹೂವನ್ನು ನನ್ನ ಕೈಗೇ ಕೊಟ್ಟು ಹೋದರು.

ನಿನ್ನ ತಂತಿ ಈಗ ಬಂತು. 'ಬಿದ್ದಿಲ್ಲ ಇಳಿದಳು ಮೀನು ಸತ್ತವು.' ಇದರ ಅರ್ಥವೇನು? ಇಲುಮಿನಾದಾಳಿಗೆ ಪೆಟ್ಟಾಗಿದೆಯೇ? ನಾನು ಸತ್ತಿದ್ದರೂ ಸರಿಯೇ, ಅವಳು ಬದುಕಿದ್ದಾಳೆ ತಾನೇ? ಬೇಗ ಬರಿ.

ಪ್ಲಾಸಿಡಾ


ಮೋಲೋ
೨೭ ಏಪ್ರಿಲ್ ೧೯೩೭

ಇಂದಾಯ್,

ಬದುಕಿದ್ದಾಳೆ. ನಮ್ಮ ಮನೆಯಲ್ಲೇ ಇದ್ದಾಳೆ. ಮುಂಗೈ ಮುರಿದಿದೆ, ಹಲ್ಲಿನಿಂದ ತುಟಿ ಸೀಳಿದೆ. ಆದರೂ ಎರಡು ಬಟ್ಟಲು ಮೋಲೋ ಸಾರು ಕುಡಿದಳು.

ನಾನು ಕಂಡದ್ದನ್ನು ಹಾಗೇ ಬರೆಯುತ್ತೇನೆ. ಬಿಸಿಲಲ್ಲಿ ಎರಡು ಗಂಟೆ ಕಾದೆವು. ಅಪ್ಪನೂ ಮಂಡಿ ಹಿಡಿದುಕೊಂಡು ಬಂದಿದ್ದರು. ವಿಮಾನ ಕಂಡಾಗ ಬ್ಯಾಂಡು ಬಾರಿಸತೊಡಗಿತು, ಅದರಿಂದ ಎಂಜಿನ್ ನಿಂತದ್ದು ಯಾರಿಗೂ ಕೇಳಲಿಲ್ಲ. ಅಪ್ಪನಿಗೆ ಕೇಳಿತು. ನಿಂತುಹೋಯ್ತು ಎಂದರು. ಮೂಗು ತಗ್ಗಿತು. ಜನ ಕಿರುಚಿದರು. ವಿಮಾನ ಮನೆಗಳ ಕಡೆಗೆ ತಿರುಗಲಿಲ್ಲ, ಬಯಲಿನವರೆಗೆ ಬರಲೂ ಇಲ್ಲ. ಮುಂದಿದ್ದ ಮೀನುಕೊಳಗಳ ಮೇಲೆ ಜಾರಿಕೊಂಡು ಬಂದು, ಏರಿಗೆ ಚಕ್ರ ತಾಗಿಸಿ ನೀರಿನಲ್ಲಿ ಕೂತಿತು. ಹೊಟ್ಟೆ ಮೇಲಾಗಿ ತೇಲಿದ್ದು ಮೀನು ಮಾತ್ರ.

ನಾನು ಓಡಿದೆ. ನನ್ನ ವಯಸ್ಸಿಗೆ, ಹಬ್ಬದ ಬಟ್ಟೆಯಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ. ಅವಳನ್ನು ಏರಿಗೆ ತಂದಾಗ ಪತ್ರಿಕೆಯವನೊಬ್ಬ ಆಗಲೇ ಬರೆದುಕೊಳ್ಳುತ್ತಿದ್ದ. ಹೆಂಗಸು ಹೆದರಿ ಧುಮುಕಿದಳು ಎಂದು ಪಕ್ಕದವರಿಗೆ ಹೇಳುತ್ತಲೂ ಇದ್ದ. ಪಕ್ಕದವರೆಂದರೆ ದೋನ್ ಹಸಿಂತೋ ಮತ್ತು ಅವರ ತಾಯಿ. ನನಗೆ ಏನಾಯಿತೋ. "ಎಂಜಿನ್ ನಿಂತಾಗ ಮೂಗು ತಗ್ಗಿಸ್ದೇ ಇದ್ರೆ ವಿಮಾನ ಕಲ್ಲಿನ ಹಾಗೆ ಬೀಳುತ್ತೆ, ನಿನಗದು ಗೊತ್ತಾ?" ಎಂದೆ. "ಅವಳು ತಗ್ಗಿಸಿದ್ಲು. ಹಿಂದಕ್ಕೆ ತಿರುಗ್ಲಿಲ್ಲ. ಜನ ಇಲ್ಲದ ಕಡೆ ಇಳಿಸಿದ್ಲು. ಬರ್ಕೋ." ಇಷ್ಟು ಗಟ್ಟಿಯಾಗಿ ಹುಟ್ಟಿದಾರಭ್ಯ ಮಾತಾಡಿಲ್ಲ. ಅಮ್ಮ ನೀವು ಹಾರೋರಾ ಎಂದ. ನಾನು ಕಸೂತಿ ಹಾಕೋಳು ಎಂದೆ. ಅವನು ನಕ್ಕು ಹಾಗೇ ಹೋದ. ಅವನು ಏನು ಬರೆದನೆಂದು ಇಲ್ಲಿನ ಪತ್ರಿಕೆ ನೋಡಿದಾಗ ಗೊತ್ತಾಯಿತು, ಅದಕ್ಕೇ ನಿನಗೆ ತಂತಿ ಕಳಿಸಿದೆ.

ಅಪ್ಪ ಮೆಕ್ಯಾನಿಕ್ಕನನ್ನು ಹಿಡಿದು ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಬಸಿಸಿದರು. ಕೊಳದ ನೀರು ಮುಟ್ಟದ ಮೇಲಿನ ಟ್ಯಾಂಕು. ಸೀಸೆಯ ತಳದಲ್ಲಿ ಮೂರು ಬೆರಳು ನೀರು ನಿಂತಿತು. ದಾರಿಯಲ್ಲಿ ದ್ವೀಪವೊಂದರಲ್ಲಿ ಡ್ರಮ್ಮಿನಿಂದ ತುಂಬಿಸಿಕೊಂಡಿದ್ದಳಂತೆ, ಎಂಜಿನ್ ನಿಲ್ಲಿಸಿದ್ದು ಆ ನೀರೇ. ಅಪ್ಪ, ಮೆಕ್ಯಾನಿಕ್, ನಾನು ಮೂವರೂ ಹೇಳಿಕೆ ಬರೆದು ಸಹಿ ಹಾಕಿದ್ದೇವೆ. ಸೀಸೆಯನ್ನು ಮೇಣದಿಂದ ಮುಚ್ಚಿ, ನೀನೇ ಸಮಿತಿಗೆ ತಲುಪಿಸಬೇಕೆಂದು ಹಡಗಿನಲ್ಲಿ ಕಳಿಸುತ್ತಿದ್ದೇನೆ.

ಇಲುಮಿನಾದಾ ನಿನ್ನ ಮೇಲಿನ ಕೋಪ ಬಿಟ್ಟಿಲ್ಲ. ಆದರೆ ಕೊಳದಿಂದ ಮೇಲೆ ತಂದಾಗ ಮೊದಲು ಕೇಳಿದ್ದು, ಇದನ್ನು ಮನಾಂಗ್ ಪ್ಲಾಸಿಡಾಗೆ ಯಾರು ಹೇಳುತ್ತಾರೆ ಎಂದು.

ಹೆಂಗಸರಿಗೆ ಮತದಾನದ ಹಕ್ಕು ಬೇಕೋ ಬೇಡವೋ ಎಂದು ಹೆಂಗಸರನ್ನೇ ಕೇಳುತ್ತಿದ್ದಾರಲ್ಲ, ಶುಕ್ರವಾರ ಅದಕ್ಕೆ ಮತ ಹಾಕಲು ಹೋಗುತ್ತೇನೆ. ತಿಯಾ ಬಾಸಿಯಾಳೂ ಬರುತ್ತಾಳಂತೆ. ನಮಗೆ ಮತ ಯಾಕೆಂದು ನನ್ನನ್ನೇ ಕೇಳಿದಳು, ನನಗೂ ಸರಿಯಾಗಿ ವಿವರಿಸಲಾಗಲಿಲ್ಲ. ಹೋಗುತ್ತೇವೆ.

ಗ್ಲಿಸೆರಿಯಾ


ಮನಿಲಾ
೮ ಆಗಸ್ಟ್ ೧೯೩೭

ಪ್ರೀತಿಯ ಮನಾಂಗ್,

ಸಮಿತಿಯ ತೀರ್ಪು ಬಂತು. ಸೀಸೆಯನ್ನು ಮೇಜಿನ ಮೇಲಿಟ್ಟು, ನಿನ್ನ ಹೇಳಿಕೆಯನ್ನು ಗಟ್ಟಿಯಾಗಿ ಓದಿದರು. ಈ ಸಾಕ್ಷಿ ಯಾವ ಶಾಲೆಯಲ್ಲಿ ಹಾರಲು ಕಲಿತದ್ದು ಎಂದು ಒಬ್ಬರು ಕೇಳಿದರು. ಮೋಲೋದ ಅಡುಗೆಮನೆಯಲ್ಲಿ ಎಂದೆ. ಇಲುಮಿನಾದಾಳದ್ದು ತಪ್ಪಿಲ್ಲ, ಇಳಿಸಿದ್ದು ಕುಶಲತೆಯಿಂದ ಎಂದು ದಾಖಲಾಯಿತು. ಕೈ ಕೂಡಿದ ಮೇಲೆ ಅವಳಿಗೆ ಸಂಬಳದ ಲೈಸೆನ್ಸು ಕೊಟ್ಟಿದ್ದಾರೆ. ಈ ಸಮಿತಿ ಒಬ್ಬ ಹೆಂಗಸಿಗೆ ಅದನ್ನು ಕೊಟ್ಟದ್ದು ಇದೇ ಮೊದಲು.

ಅದೇ ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಗಂಡಸರ ಕಣ್ಣನ್ನು ವರ್ಷಕ್ಕೊಮ್ಮೆ, ಹೆಂಗಸರ ಕಣ್ಣನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸತಕ್ಕದ್ದು. ನನ್ನಿಂದಾಗಿ ಬಂದ ನಿಯಮ ಇದು. ಮುಂದೆ ಹಾರುವ ಪ್ರತಿಯೊಬ್ಬಳೂ ವರ್ಷಕ್ಕೆ ನಾಲ್ಕು ಸಲ ನನ್ನ ಸುಳ್ಳಿಗೆ ದಂಡ ಕಟ್ಟುತ್ತಾಳೆ. ಇದನ್ನು ಗೆಲುವೆನ್ನಬೇಕೋ ಸೋಲೆನ್ನಬೇಕೋ ತಿಳಿಯದೆ ಕಾಗದ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಇಲುಮಿನಾದಾ ಬಂದು ಪಕ್ಕದಲ್ಲಿ ಕೂತು, ಐದು ತಿಂಗಳಲ್ಲಿ ಮೊದಲ ಸಲ ಮಾತಾಡಿದಳು. "ಬೇಕಾದ್ರೆ ದಿನಾ ನೋಡ್ಲಿ ಬಿಡಿ, ಮನಾಂಗ್. ನನ್ನ ಕಣ್ಣು ಎಲ್ಲಿಗೂ ಹೋಗಲ್ಲ." ಸಮಾಧಾನಕ್ಕೆ ಹೇಳಿದಳೋ, ಚುಚ್ಚಿದಳೋ ನನಗೆ ಗೊತ್ತಾಗಲಿಲ್ಲ. ಆ ಸಾಲನ್ನು ತೆಗೆಸುವ ಅರ್ಜಿಯನ್ನು ಮಾತ್ರ ಅಂದೇ ಟೈಪ್ ಮಾಡಿದೆ.

ಇವತ್ತು ಬೆಳಿಗ್ಗೆ ಅವಳು ಟಪಾಲು ಚೀಲ ಹಾಕಿಕೊಂಡು ಬಾಗಿಯೋಗೆ ಹೊರಟಳು. ಸಂಘದ ಅಪ್ಪಣೆ ಕೇಳದೆ ನಾನೂ ಬಯಲಿಗೆ ಹೋಗಿ ಬೇಲಿಯ ಹತ್ತಿರ ನಿಂತೆ. ವಿಮಾನ ನೆಲ ಬಿಟ್ಟದ್ದು ಕಾಣಿಸಿತು. ಆಮೇಲೆ ಬಿಸಿಲು ಕುಕ್ಕಿ, ಇರುವ ಒಂದು ಕಣ್ಣಿಗೂ ನೀರು ಬಂದು, ಸದ್ದು ಮಾತ್ರ ಉಳಿಯಿತು. ಎಡಕ್ಕೆ ಹೊರಳಿದಳೋ ಬಲಕ್ಕೋ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮೆಕ್ಯಾನಿಕ್ಕನನ್ನು ಎಲ್ಲಿದ್ದಾಳೆ ಎಂದು ಕೇಳಿದೆ. ಅವನು ನನ್ನ ಗಲ್ಲ ಹಿಡಿದು ಉತ್ತರಕ್ಕೆ ತಿರುಗಿಸಿ, "ಅಲ್ಲಿ, ಅಮ್ಮ" ಎಂದ. ಏನೂ ಕಾಣಲಿಲ್ಲ. ಸದ್ದು ಪೂರ್ತಿ ಅಡಗುವವರೆಗೂ ಅಲ್ಲೇ ನೋಡುತ್ತ ನಿಂತಿದ್ದೆ.

ಪ್ಲಾಸಿಡಾ